ಮುಖ ಮರೆಯದ ಕಾಗೆಗಳು

ನನಗೆ ಕಾಗೆ ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಒಣಹಾಕಿದ ಹಪ್ಪಳ ಕದಿಯುತ್ತದೆ, ತೊಳೆದಿಟ್ಟ ಪಾತ್ರೆಯ ಮೇಲೆ ಹೊಲಸು ಮಾಡುತ್ತದೆ, ಮಧ್ಯಾಹ್ನ ಕಣ್ಣು ಹತ್ತುವ ಹೊತ್ತಿಗೆ ಸರಿಯಾಗಿ ಬಂದು ತಲೆಯ ಮೇಲೆ ಒದರುತ್ತದೆ. ಇಂಥ ಹಕ್ಕಿಯನ್ನು ಕಣ್ಣು ಮಿಟುಕಿಸದೆ ನೋಡುತ್ತ ಕೂಡುವ ಹೆಂಗಸಿನ ಪಕ್ಕದ ಮನೆಗೆ ನಾನು ಸೊಸೆಯಾಗಿ ಬಂದೆ. ನಿಪ್ಪಾಣಿಯ ತಂಬಾಕಿನ ಘಾಟಿನಲ್ಲಿ ಬೆಳೆದವಳಿಗೆ ಸತ್ತಿಯಲ್ಲಿ ಎಲ್ಲವೂ ಹೊಸದು. ಕೃಷ್ಣಾ ಹೊಳೆ ಹೊಸದು, ಅಳತೆಯಿಲ್ಲದ ಕಬ್ಬು ಹೊಸದು. ಅವೆಲ್ಲಕ್ಕಿಂತ ಹೊಸದೆನಿಸಿದ್ದು ಈ ಕಸ್ತೂರೆವ್ವ ಕಾಕು. ನಮ್ಮ ಕಡೆ ಚಿಕ್ಕಮ್ಮನಿಗೆ ಕಾಕು, ಚಿಕ್ಕಪ್ಪನಿಗೆ ಕಾಕಾ ಎನ್ನುತ್ತೇವೆ.

ಅವರದು ಊರಿನ ಹಳೆಯ ಮನೆತನ. ಗಂಡ ಲಗಮಣ್ಣ, ಮಗ ರಾವಸಾಹೇಬ, ಮಗಳು ಸುಗಂಧಾ. ಹೊಳೆಯ ಕಡೆ ಕಬ್ಬು, ಏರಿನ ಕಡೆ ದ್ರಾಕ್ಷಿ ತೋಟ. ಕೈಗೊಬ್ಬರು ಕಾಲಿಗೊಬ್ಬರು ಆಳುಗಳಿದ್ದ ಮನೆ. ಅಂಥ ಮನೆಯ ಯಜಮಾನಿ ಅಂಗಳದ ಕಟ್ಟೆಯ ಮೇಲೆ ಕೂತು, ಗಲ್ಲಕ್ಕೆ ಕೈಹಚ್ಚಿ, ಇರುವೆ ಸಾಲು ಎಲ್ಲಿಗೆ ಹೋಗುತ್ತದೆಂದು ನೋಡುತ್ತಿದ್ದರೆ ನೋಡಿದವರು ಏನನ್ನಬೇಕು? ಅಂಕಲಿಯ ತವರಿನಲ್ಲಿ ನಾಲ್ಕನೇ ಇಯತ್ತೆಯವರೆಗೆ ಸಾಲಿ ಕಲಿತಿದ್ದಳಂತೆ. ಮಾಸ್ತರರು ಮನೆಗೆ ಬಂದು, ಈ ಹುಡುಗಿ ಪಾಠ ಕೇಳುವುದಕ್ಕಿಂತ ಪ್ರಶ್ನೆ ಕೇಳುವುದೇ ಹೆಚ್ಚು ಎಂದು ದೂರು ಹೇಳಿ ಹೋಗಿದ್ದರಂತೆ. ಮದುವೆಯಾದ ಮೇಲೆ ಆ ದೂರು ಅತ್ತೆಯ ಬಾಯಿಗೆ ಬಂತು. ಹಾಲು ಹಿಂಡಲು ಕಳಿಸಿದರೆ ಎಮ್ಮೆ ಯಾಕೆ ದಿನಾ ಅದೇ ಮಗ್ಗುಲಿಗೆ ಮಲಗುತ್ತದೆ ಎಂದು ನೋಡುತ್ತ ನಿಲ್ಲುತ್ತಾಳೆ, ಚಹಾಕ್ಕೆ ಹಾಲು ಬರುವಷ್ಟರಲ್ಲಿ ಬಂದ ಬೀಗರು ಎದ್ದು ಹೋಗುತ್ತಾರೆ ಎಂದು ಆ ಮುದುಕಿ ಸಾಯುವವರೆಗೂ ಗೊಣಗುತ್ತಿದ್ದಳು.

ನಾನು ಬಂದ ಹೊಸತರಲ್ಲಿ ಒಂದು ದಿನ ಗೋಡೆಯಾಚೆಯಿಂದ ಕರೆದಳು.

“ಏ ತುಳಸಾ, ಲಗೂನ ಬಾ. ಸಪ್ಪಳ ಮಾಡಬ್ಯಾಡ.”

ಏನೋ ಹಾವೇ ಹೊಕ್ಕಿದೆ ಎಂದು ಓಡಿದೆ. ದನಗಳಿಗೆ ನೀರು ಕುಡಿಸುವ ಕಲ್ಲಿನ ಡೋಣಿಯ ಅಂಚಿಗೆ ಒಂದು ಕಾಗೆ ಕೂತಿತ್ತು, ಬಾಯಲ್ಲಿ ಕಡಕ ರೊಟ್ಟಿಯ ಚೂರು. ಅದು ರೊಟ್ಟಿಯನ್ನು ನೀರಿನಲ್ಲಿ ಅದ್ದಿತು, ತುಸು ಹೊತ್ತು ಬಿಟ್ಟಿತು, ತೆಗೆದು ಚುಂಚಿನಿಂದ ಒತ್ತಿ ನೋಡಿತು. ಇನ್ನೂ ಗಟ್ಟಿ ಇತ್ತೆಂದು ಕಾಣುತ್ತದೆ, ಮತ್ತೆ ಅದ್ದಿತು. ಮೆತ್ತಗಾದ ಮೇಲೆ ನುಂಗಿ ಹಾರಿ ಹೋಯಿತು.

“ನೋಡಿದೇನು? ಹಲ್ಲಿಲ್ಲದ ಮುದುಕರು ಚಹಾದಾಗ ಎದ್ದಿಕೊಂಡು ತಿಂತಾರಲ್ಲ, ಹಂಗ! ಇದಕ್ಕ ಯಾರು ಹೇಳಿಕೊಟ್ರು?”

“ಕಾಗಿ ನೋಡಾಕ ಕರದ್ರೇನ್ರಿ ಕಾಕೂ? ಒಲಿ ಮ್ಯಾಲ ನನ್ನ ಬ್ಯಾಳಿ ಹೊತ್ತಾಕತ್ತೈತಿ!”

ಬೇಳೆ ಹೊತ್ತಿತ್ತು, ಅತ್ತೆಯಿಂದ ಬೈಸಿಕೊಂಡೆ. ಆದರೆ ಮರುದಿನ ರೊಟ್ಟಿ ಬಡಿಯುವಾಗ ನನಗೇ ಗೊತ್ತಿಲ್ಲದಂತೆ ಕಿಟಕಿಯಿಂದ ಅವರ ಡೋಣಿಯ ಕಡೆ ನೋಡುತ್ತಿದ್ದೆ. ಈ ರೋಗ ಅಂಟುವಂಥದ್ದು.

ಲಗಮಣ್ಣ ಕಾಕಾನಿಗಂತೂ ಎಂದೋ ಅಂಟಿತ್ತು. ಮಾತು ಕಡಿಮೆಯ ಮನುಷ್ಯ. ತೋಟದಿಂದ ಬಂದು, ಹೆಂಡತಿ ಕಟ್ಟೆಯ ಮೇಲೆ ಕೂತಿರುವುದನ್ನು ನೋಡಿ, “ಸಾಲಿ ಸುರು ಆತೇನು?” ಎಂದು ನಗುತ್ತಿದ್ದ. ಆದರೆ ಉಣ್ಣುವಾಗ ಒಂದು ಚೂರು ರೊಟ್ಟಿಯನ್ನು ತಾಟಿನ ಅಂಚಿಗೆ ಸರಿಸಿ ಉಳಿಸುತ್ತಿದ್ದ. ಒಂದು ಕಾಗೆ ನಾಯಿಯ ಬಾಲ ಎಳೆದು ಅದು ತಿರುಗುವಷ್ಟರಲ್ಲಿ ಇನ್ನೊಂದು ಕಾಗೆ ಎಲುಬು ಹಾರಿಸುವುದನ್ನು ಮೊದಲು ಕಂಡು ಹೆಂಡತಿಗೆ ಬಂದು ಹೇಳಿದವನು ಅವನೇ. ಅವತ್ತು ಆ ಇಬ್ಬರೂ ಅಂಗಳದಲ್ಲಿ ನಿಂತು ನಕ್ಕ ನಗು ನಮ್ಮ ಅಡುಗೆಮನೆಯವರೆಗೆ ಕೇಳಿತ್ತು. ಮೊಮ್ಮಕ್ಕಳನ್ನು ಕಾಣುವ ವಯಸ್ಸಿನ ಗಂಡಹೆಂಡತಿ ಹಾಗೆ ಕೂಡಿ ನಗುವುದನ್ನು ನಾನು ಬೇರೆಲ್ಲೂ ನೋಡಿರಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಎಂಬತ್ತಾರನೇ ಇಸವಿಯ ಬೇಸಿಗೆಯ ಬಾಯಿಗೆ ದ್ರಾಕ್ಷಿ ಹಣ್ಣಾದಾಗ ಹಕ್ಕಿಯ ಕಾಟ ಹೆಚ್ಚಾಯಿತು. ರಾವಸಾಹೇಬ ತಾಯಿಯ ಹಾಗಲ್ಲ, ಮುಂಗೋಪಿ. ಯಾರದೋ ಮನೆಯಿಂದ ಹಕ್ಕಿ ಹೊಡೆಯುವ ಛರ್ರೆ ಬಂದೂಕು ತಂದು ಒಂದು ಕಾಗೆಯನ್ನು ಹೊಡೆದ. ಅದರ ಕಾಲಿಗೆ ದಾರ ಕಟ್ಟಿ, ತೋಟದ ತಂತಿಗೆ ತಲೆಕೆಳಗಾಗಿ ತೂಗುಹಾಕಿದ. ಹಾಗೆ ಮಾಡಿದರೆ ಉಳಿದವು ಅಂಜುತ್ತವೆ ಎನ್ನುವುದು ಎಲ್ಲ ತೋಟದವರ ಲೆಕ್ಕ. ಅಂಜಿದವು, ಸುಳ್ಳಲ್ಲ. ಆದರೆ ಅಂಜುವ ಮೊದಲು ಊರಿನ ಕಾಗೆಗಳೆಲ್ಲ ಬಂದು ತೋಟದ ಸುತ್ತಲಿನ ಗಿಡಗಳ ಮೇಲೆ ಕೂತು, ಬಂದೂಕು ಹಿಡಿದು ನಿಂತವನನ್ನು ನೋಡುತ್ತ ಹೊತ್ತು ಮುಳುಗುವತನಕ ಒದರಿದವು. ಲಗಮಣ್ಣ ಕಾಕಾ ಸಂಜೆ ತಾನೇ ಹೋಗಿ ದಾರ ಬಿಚ್ಚಿ, ಸತ್ತ ಕಾಗೆಯನ್ನು ಮಣ್ಣು ಮಾಡಿ ಬಂದ. ಮಗನಿಗೆ ಒಂದು ಮಾತೂ ಅನ್ನಲಿಲ್ಲ.

ಮರುದಿನದಿಂದ ರಾವಸಾಹೇಬನ ಗ್ರಹಚಾರ ಸುರುವಾಯಿತು. ಮನೆಯಿಂದ ಕಾಲು ಹೊರಗಿಟ್ಟರೆ ಸಾಕು, ಮಾಳಿಗೆಯ ಮೇಲಿನ ಒಂದು ಕಾಗೆ ಕೂಗು ಹಾಕುತ್ತಿತ್ತು, ಎಲ್ಲೆಲ್ಲಿಂದಲೋ ಹತ್ತಾರು ಬಂದು ಕೂಡುತ್ತಿದ್ದವು. ಊರಬಾಗಿಲ ಅಗಸಿ ದಾಟುವವರೆಗೂ ಮೆರವಣಿಗೆ. ಒಂದೆರಡು ಧೈರ್ಯದವು ತಲೆಗೆ ಕಾಲು ತಾಗಿಸಿಯೂ ಹೋಗುತ್ತಿದ್ದವು. ಊರ ಜನಕ್ಕೆ ಪುಕ್ಕಟೆ ತಮಾಷೆ.

ಕಾಕುವಿಗೆ ಮಗನ ಮೇಲೆ ಸಿಟ್ಟೂ ಇತ್ತು, ಅದರ ಜೊತೆ ಹಳೆಯ ರೋಗವೂ ಇತ್ತು. ಇವನನ್ನು ಹೇಗೆ ಗುರುತು ಹಿಡಿಯುತ್ತವೆ? ಬಂದೂಕಿನಿಂದ ಎಂದುಕೊಂಡಳು. ಬಂದೂಕು ಕೊಟ್ಟವರ ಮನೆಗೆ ವಾಪಸ್ ಹೋಯಿತು, ಕಾಗೆಗಳ ಸಿಟ್ಟು ಹೋಗಲಿಲ್ಲ. ಅಂಗಿಯಿಂದ ಇರಬೇಕೆಂದು ಮಗನ ಅಂಗಿ ಟೊಪ್ಪಿಗೆಯನ್ನು ಆಳುಮನುಷ್ಯ ತುಕಾರಾಮನಿಗೆ ಹಾಕಿಸಿ ಅಂಗಳದಲ್ಲಿ ತಿರುಗಾಡಿಸಿದಳು. ಹೊಸ ಅಂಗಿಯಲ್ಲಿ ಅವನು ಮದುವಣಿಗನಂತೆ ನಡೆದ. ಒಂದು ಕಾಗೆಯೂ ಕತ್ತೆತ್ತಿ ನೋಡಲಿಲ್ಲ. ಮಗನಿಗೆ ಅಪ್ಪನ ಧೋತರ ಉಡಿಸಿ ರುಮಾಲು ಸುತ್ತಿ ಹೊರಗೆ ಕಳಿಸಿದರೆ ಕಾಗೆಗಳು ಆಕಾಶ ಪಾತಾಳ ಒಂದು ಮಾಡಿದವು. ಕೊನೆಗೆ ನನ್ನ ಕೈಯಲ್ಲಿ ಛತ್ರಿ ಕೊಟ್ಟು, ಅವನ ಮುಖಕ್ಕೆ ಮರೆಯಾಗಿ ಹಿಡಿದು ನಡೆ ಎಂದಳು. ಛತ್ರಿ ಇರುವವರೆಗೂ ಗಿಡದ ಮೇಲೆ ಸದ್ದಿಲ್ಲ. “ಈಗ ತಗೀ” ಎಂದಳು. ತೆಗೆದೆ. ಅಬ್ಬಾ, ಕಿವಿ ಮುಚ್ಚಿಕೊಂಡು ಒಳಗೆ ಓಡಿದೆ.

“ಮಾರಿ!” ಎಂದು ಕಾಕು ಕಟ್ಟೆಯ ಮೇಲೆ ಕೈತಟ್ಟಿದಳು. “ಮಾರಿ ನೆನಪ ಇಟ್ಟಾವ ತುಳಸಾ! ನಮಗ ಎಲ್ಲಾ ಕಾಗಿ ಒಂದೇ ನಮೂನಿ ಕಾಣತಾವ. ಅವಕ್ಕ ನಾವು ಬ್ಯಾರೆಬ್ಯಾರೆ ಕಾಣತೀವಿ!”

ಆ ಮುಖದಲ್ಲಿದ್ದ ಬೆಳಕನ್ನು ನಾನು ಮರೆತಿಲ್ಲ. ಹೊಸ ಬಂಗಾರ ಮಾಡಿಸಿಕೊಂಡ ಹೆಂಗಸರ ಮುಖದಲ್ಲೂ ಅಷ್ಟು ಸಂತೋಷ ಕಂಡಿಲ್ಲ. ರಾವಸಾಹೇಬ ಮಾತ್ರ ರುಮಾಲು ಕಿತ್ತೆಸೆದು, “ನಿಮ್ಮ ಆಟಕ್ಕ ನಾನ ಸಿಕ್ಕೆನೇನ್?” ಎಂದು ಒಳಗೆ ಹೋದ. ದ್ರಾಕ್ಷಿ ಸುಗ್ಗಿ ಮುಗಿಯಿತು. ಅವನು ಟವೆಲ್ಲಿನಿಂದ ಮುಖ ಸುತ್ತಿಕೊಂಡು ಓಡಾಡುವುದನ್ನು ರೂಢಿ ಮಾಡಿಕೊಂಡ. ಊರವರು ಇದನ್ನು ಮರೆತರು.

ಅದೇ ವರ್ಷ ಮಳೆಗಾಲದಲ್ಲಿ ಸುಗಂಧಾ ಗಂಡನ ಮನೆ ಬಿಟ್ಟು ಬಂದಳು. ಅವಳನ್ನು ಉಗಾರ ಬುದ್ರುಕಕ್ಕೆ ಕೊಟ್ಟಿದ್ದರು. ಬೆನ್ನ ಮೇಲೆ ಹಗ್ಗದ ಬಾಸುಂಡೆಗಳಿದ್ದವು. ಕಾಕು ಎಣ್ಣೆ ಹಚ್ಚುವಾಗ ನಾನು ನೋಡಿದ್ದೇನೆ, ಆ ಬಗ್ಗೆ ಹೆಚ್ಚು ಬರೆಯಲಾರೆ. ಲಗಮಣ್ಣ ಕಾಕಾ ಮಗಳಿಗೆ ಹೋಗೆಂದೂ ಅನ್ನಲಿಲ್ಲ, ಇರೆಂದೂ ಅನ್ನಲಿಲ್ಲ. ಅವಳನ್ನು ನೋಡಿದಾಗ ತಲೆ ತಗ್ಗಿಸಿ ತೋಟಕ್ಕೆ ಹೋಗುತ್ತಿದ್ದ. ಆ ಮೌನದೊಳಗೆ ಏನಿತ್ತೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಗಂಡನ ಮನೆಯವರು, ತಂದೆಯೇ ತಂದು ಬಿಟ್ಟರೆ ಕರೆದುಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದರು. ಅದಕ್ಕೂ ಕಾಕಾ ಉತ್ತರ ಕೊಡಲಿಲ್ಲ.

ಮರುವರ್ಷ ಅವನಿಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಹೋದವು, ಮಾತೂ ಹೋಯಿತು. ಕಾಕು ಅವನನ್ನು ಅಂಗಳದಲ್ಲಿ ಹೊರಸಿನ ಮೇಲೆ ಒರಗಿಸಿ ರೊಟ್ಟಿ ಚೂರು ಚೆಲ್ಲುತ್ತಿದ್ದಳು. ಕಾಗೆ ಡೋಣಿಗೆ ಇಳಿದಾಗ ಅವನ ಬಾಯಿಯ ಒಂದು ತುದಿ ಅಲುಗುತ್ತಿತ್ತು. ಸುಗಂಧಾ ಗಂಜಿ ಕುಡಿಸಲು ಬಂದಾಗ ಮಾತ್ರ ಕಣ್ಣಿಂದ ನೀರು ಸುರಿಯುತ್ತಿತ್ತು, ಗಂಟಲಿನಿಂದ ಏನೋ ಸದ್ದು ಬರುತ್ತಿತ್ತು. ಆ ಸದ್ದಿಗೆ ಒಬ್ಬೊಬ್ಬರು ಒಂದೊಂದು ಅರ್ಥ ಹೇಳಿದರು. ಅವನ ತಮ್ಮ ಬಾಬಾಸಾಹೇಬ ಹೇಳಿದ್ದು ಒಂದೇ ಅರ್ಥ: ಮಗಳು ಗಂಡನ ಮನೆ ಸೇರಲಿಲ್ಲವೆಂದು ಅಣ್ಣನ ಜೀವ ಒದ್ದಾಡುತ್ತಿದೆ. ಬಾಬಾಸಾಹೇಬ ಕೆಟ್ಟವನಲ್ಲ. ಅಣ್ಣನನ್ನು ಎತ್ತಿ ಕೂಡಿಸಿ, ಮೈ ಒರೆಸಿ, ಮಗುವಿನ ಹಾಗೆ ನೋಡಿಕೊಂಡವನು ಅವನು. ಕೆಟ್ಟವನಾಗಿದ್ದರೆ ಮುಂದಿನದು ಇಷ್ಟು ಕಠಿಣ ಆಗುತ್ತಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಕಾಕಾ ತೀರಿಕೊಂಡ.

ನಮ್ಮ ಕಡೆಯ ರೂಢಿ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಮೂರನೇ ದಿನ ಬೂದಿಯನ್ನು ಹೊಳೆಗೆ ಬಿಟ್ಟು, ಸುಟ್ಟ ಜಾಗ ತೊಳೆದು ಸಾರಿಸಿ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಬಡಿಸಿ ಇಡುತ್ತಾರೆ. ಹೆಂಗಸರೂ ಹೋಗುತ್ತೇವೆ. ಎಲ್ಲರೂ ದೂರ ಸರಿದು ಕಾಗೆಗಾಗಿ ಕಾಯಬೇಕು. ಕಾಗೆ ಮುಟ್ಟಿದರೆ ಸತ್ತವರು ತೃಪ್ತರಾಗಿ ಹೋದರು. ಮುಟ್ಟದಿದ್ದರೆ ಮನಸ್ಸಿನಲ್ಲಿ ಏನೋ ಆಸೆ ಉಳಿದಿದೆ. ಆಗ ಮನೆಯವರು ಎಲೆಯ ಮುಂದೆ ಬಂದು ಒಂದೊಂದೇ ಮಾತು ಕೊಡುತ್ತಾರೆ. ಯಾವ ಮಾತಿಗೆ ಕಾಗೆ ಇಳಿಯುತ್ತದೋ ಅದೇ ಸತ್ತವರ ಆಸೆ. ಅಂಥ ಮಾತನ್ನು ಮುರಿದವರನ್ನು ನಾನು ಕಂಡಿಲ್ಲ. ಬಾಬಾಸಾಹೇಬ ತನ್ನ ತಾಯಿಯ ಮೂರನೇ ದಿನ ತಂಬಾಕು ಬಿಡುತ್ತೇನೆ ಎಂದಾಗ ಕಾಗೆ ಮುಟ್ಟಿತ್ತಂತೆ. ಅಲ್ಲಿಂದ ಅವನು ತಂಬಾಕಿನ ಚೀಲ ಕೈಯಲ್ಲಿ ಹಿಡಿದವನಲ್ಲ.

ಅವತ್ತು ಮುಂಜಾನೆ ಎಲೆಗೆ ಇಡಲು ರೊಟ್ಟಿ ಬಡಿಯುತ್ತಿದ್ದವಳು ಸುಗಂಧಾ. ನಾನು ಶೇಂಗಾ ಹಿಂಡಿ ಕುಟ್ಟುತ್ತಿದ್ದೆ. ಅವಳು ಹಂಚಿನ ಮೇಲಿನ ಕಣ್ಣು ತೆಗೆಯದೆ ತಾಯಿಗೆ ಹೇಳಿದಳು: “ಅವ್ವಾ, ಬಾಬಾಸಾಹೇಬ ಕಾಕಾ ಇವತ್ತ ನನ್ನ ಮಾತ ತಗೀತಾನ. ಕಾಗಿ ಮುಟ್ಟಿತಂದ್ರ ನಾ ಉಗಾರಕ್ಕ ಹೋಗ್ತೀನಿ. ಅಪ್ಪನ ಜೀವಕ್ಕ ಶಾಂತಿ ಸಿಗದಂಗ ನಾ ಇಲ್ಲಿ ಕೂಡೂದಿಲ್ಲ.”

ಕಾಕು ಹಿಟ್ಟಿನ ಕೈಯನ್ನು ಹಾಗೇ ಮೊಣಕಾಲ ಮೇಲಿಟ್ಟುಕೊಂಡು ಕೂತಳು.

ಹೊಳೆಯ ದಂಡೆಯ ಮೇಲೆ ಎಲೆ ಇಟ್ಟರು. ರೊಟ್ಟಿ, ಝುಣಕ, ಹಿಂಡಿ, ಬೆಲ್ಲ, ಗ್ಲಾಸಿನಲ್ಲಿ ಚಹಾ. ತಲೆ ಬೋಳಿಸಿಕೊಂಡ ರಾವಸಾಹೇಬ ಒದ್ದೆ ಧೋತರದಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದ. ಬೆಂಕಿ ಕೊಟ್ಟ ಮಗ ಮುಖ ಸುತ್ತಿಕೊಂಡು ನಿಲ್ಲುವಂತಿಲ್ಲ. ಜಾಲಿ ಗಿಡದ ತುಂಬ ಕಾಗೆಗಳು. ಅವು ಒದರುತ್ತಿದ್ದವು, ಕೊಂಬೆಯಿಂದ ಕೊಂಬೆಗೆ ಹಾರುತ್ತಿದ್ದವು, ಕೆಳಗೆ ಮಾತ್ರ ಬರಲೊಲ್ಲವು. ಆ ಒದರಾಟದ ಗುರುತು ನನಗೆ ಸಿಕ್ಕಿತು, ಛತ್ರಿ ತೆಗೆದ ದಿನ ಕೇಳಿದ್ದೇ ಅದು. ಕಾಕುವಿನ ಕಡೆ ನೋಡಿದೆ. ಅವಳು ಎಲೆಯನ್ನು ನೋಡುತ್ತಿರಲಿಲ್ಲ, ಗಿಡವನ್ನು ನೋಡುತ್ತಿದ್ದಳು. ಅವಳಿಗೂ ತಿಳಿದಿತ್ತು.

ಬಿಸಿಲು ಏರಿತು. ರಾವಸಾಹೇಬ ಕೈಮುಗಿದು, ತೋಟ ಹಾಳು ಬಿಡುವುದಿಲ್ಲ ಅಪ್ಪಾ ಎಂದ. ಅವ್ವನನ್ನು ಚಂದ ನೋಡಿಕೊಳ್ಳುತ್ತೇನೆ ಎಂದ. ಪ್ರತಿ ಮಾತಿಗೂ ಕಾಗೆಗಳ ಗದ್ದಲ ಹೆಚ್ಚಾಯಿತು. “ಮಗನ ಮಾತ ಒಲ್ಲೆ ಅಂತೈತಿ ನೋಡ್ರಿ” ಎಂದು ಯಾರೋ ಹಿಂದಿನಿಂದ ಪಿಸುಗುಟ್ಟಿದರು. ಪಾಪದ ಹುಡುಗ, ಮುಗಿದ ಕೈ ಬಿಡಲಿಲ್ಲ. ತನ್ನ ಮುಖವೇ ಅಡ್ಡ ಬಂದಿದೆಯೆಂದು ಆ ದುಃಖದಲ್ಲಿ ಅವನಿಗೆ ಹೊಳೆದಿರಲಿಲ್ಲ.

ಆಗ ಬಾಬಾಸಾಹೇಬ ಮುಂದೆ ಬಂದ. “ರಾವಸಾಹೇಬ, ಇನ್ನೊಂದು ಕೊಡ ನೀರ ತಗೊಂಡ ಬಾ, ಎಲಿ ಸುತ್ತ ಮತ್ತ ಚಿಮಕಸೂನು” ಎಂದ. ಹುಡುಗ ಕೊಡ ಎತ್ತಿಕೊಂಡು ದಂಡೆಯ ಕೆಳಗಿಳಿದು ಮರೆಯಾದ.

ಗಿಡದ ಮೇಲಿನ ಗದ್ದಲ ನಿಂತುಹೋಯಿತು. ಒಂದು ಕಾಗೆ ನೆಲಕ್ಕಿಳಿಯಿತು. ಅದರ ಹಿಂದೆ ಇನ್ನೊಂದು. ಕುಪ್ಪಳಿಸುತ್ತ ಎಲೆಯ ಹತ್ತಿರ ಬಂದವು. ಬಾಬಾಸಾಹೇಬ ಕಣ್ಣು ತುಂಬ ನೀರು ತಂದುಕೊಂಡು ಕೈಜೋಡಿಸಿದ.

“ಅಣ್ಣಾ, ನಿನ್ನ ಜೀವ ಯಾಕ ಒದ್ದಾಡತೈತಿ ನನಗ ಗೊತ್ತೈತಿ. ಸುಗಂಧಾನ್ನ...”

“ರಾವಸಾಹೇಬಾ!”

ಕಾಕುವಿನ ಕೂಗು ಹೊಳೆಯಾಚೆಗೂ ಕೇಳಿರಬೇಕು. “ರಾವಸಾಹೇಬಾ, ಓಡಿ ಬಾ! ಇಲ್ಲಿ ಬಂದು ನಿಂದ್ರು!”

ಹುಡುಗ ಗಾಬರಿಯಾಗಿ ದಂಡೆ ಹತ್ತಿ ಬಂದ. ಅವನ ತಲೆ ಕಂಡದ್ದೇ ತಡ, ಚುಂಚು ಚಾಚಿದ್ದ ಕಾಗೆ ಒದರುತ್ತ ಮೇಲೆದ್ದಿತು. ನೆರೆದ ಜನ ಹಾ ಎಂದರು. ಕಟ್ಟಿಕೊಂಡ ಗಂಡನ ಎಲೆಯ ಮುಂದಿನ ಕಾಗೆಯನ್ನು ಹೆಂಡತಿಯೇ ಎಬ್ಬಿಸಿದ್ದನ್ನು ಕಂಡವರುಂಟೆ?

“ವೈನೀ! ಏನ್ ಮಾಡಿದ್ರಿ ಇದು? ಅಣ್ಣಾ ಉಣ್ಣಾಕ ಬಂದಿದ್ದ!” ಬಾಬಾಸಾಹೇಬನ ದನಿ ಒಡೆದಿತ್ತು.

“ನಿಮ್ಮಣ್ಣ ಅಲ್ರಿ ಅದು, ಕಾಗಿ” ಎಂದಳು ಕಾಕು. “ಹೋದ ವರ್ಷ ನನ್ನ ಮಗಾ ಒಂದು ಕಾಗಿ ಹೊಡದು ತ್ವಾಟದಾಗ ತೂಗುಹಾಕಿದ್ದ. ಅವಾಗಿಂದ ಇವನ ಮಾರಿ ಕಂಡ್ರ ಅವು ಅಂಜತಾವ. ಇವ ಇದ್ರ ಬರೂದಿಲ್ಲ, ಇವ ಹೋದ್ರ ಬರತಾವ. ನೀವು ಸುಗಂಧಾನ ಮಾತ ತಗದಾಗ ಇವ ನೀರಿಗೆ ಹೋಗಿದ್ದ, ಅದಕ್ಕ ಬಂದ್ವು. ನಾಳೆ ನನ್ನ ಮಗಳ ಹೆಣ ಉಗಾರದಿಂದ ಬಂದ್ರ ಅದಕ್ಕ ಕಾಗೀನ್ನ ಕೇಳತೀರೇನು?”

ಅವಳು ಮಗನ ಕಡೆ ತಿರುಗಿದಳು. “ನೀ ಒಡ್ಡಿನ ಆಚೆ ಹೋಗಪಾ.”

“ಅವ್ವಾ, ನಮ್ಮಪ್ಪನ ಎಲಿ ಮುಂದ ನಾ ನಿಂದರಬಾರ್ದೇನು?”

ಆ ಪ್ರಶ್ನೆ ಇವತ್ತಿಗೂ ನನ್ನ ಕಿವಿಯಲ್ಲಿದೆ. ಕಾಕುವಿಗೆ ಎಷ್ಟು ಚುಚ್ಚಿತೋ ದೇವರೇ ಬಲ್ಲ. “ಹೋಗಪಾ” ಎಂದಷ್ಟೇ ಅಂದಳು. ಅವನು ಕೊಡವನ್ನು ಕೆಳಗಿಟ್ಟು, ಊರ ಜನರೆಲ್ಲ ನೋಡುತ್ತಿರುವಾಗ, ಒಡ್ಡು ಹತ್ತಿ ಆಚೆ ಇಳಿದ.

“ಇನ್ನ ಯಾರೂ ಏನೂ ಬೇಡಕೋಬ್ಯಾಡ್ರಿ. ಬಾಯಿ ಮುಚಗೊಂಡು ನಿಂದರ್ರಿ” ಎಂದಳು.

ನಿಂತೆವು. ಸ್ವಲ್ಪ ಹೊತ್ತಿಗೆ ಕಾಗೆ ಇಳಿಯಿತು. ಯಾರ ಮಾತೂ ಇಲ್ಲದೆ, ಯಾರ ಆಣೆಯೂ ಇಲ್ಲದೆ ಎಲೆಯ ಹತ್ತಿರ ಬಂದು ರೊಟ್ಟಿಯ ಚೂರು ಕಿತ್ತಿತು. ಅತ್ತಿತ್ತ ನೋಡಿ, ಅದನ್ನು ಚಹಾದ ಗ್ಲಾಸಿನಲ್ಲಿ ಅದ್ದಿತು.

ಕಾಕುವಿನ ಮುಖ ನೋಡಿದವಳು ನಾನೊಬ್ಬಳೇ. ರೆಪ್ಪೆ ಬಡಿಯುವಷ್ಟು ಹೊತ್ತು ಆ ಹಳೆಯ ಬೆಳಕು ಬಂದು ಹೋಯಿತು. ಪಕ್ಕಕ್ಕೆ ತಿರುಗಿದಳು, ಯಾರಿಗೋ ತೋರಿಸುವವಳ ಹಾಗೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ಆಮೇಲೆ ನೆಲಕ್ಕೆ ಕುಸಿದು ಕೂತು, ಮೂರು ದಿನದಿಂದ ತಡೆದಿಟ್ಟುಕೊಂಡಿದ್ದನ್ನೆಲ್ಲ ಅತ್ತಳು.

ಸುಗಂಧಾ ಉಳಿದಳು. ಮುಂದೆ ಬಾಲವಾಡಿಯಲ್ಲಿ ಮಕ್ಕಳಿಗೆ ಕಲಿಸುವ ಕೆಲಸ ಸಿಕ್ಕಿತು, ತನ್ನ ಕಾಲ ಮೇಲೆ ನಿಂತಳು. ಬಾಬಾಸಾಹೇಬ ಬಹಳ ದಿನ ಅತ್ತಿಗೆಯ ಹೊಸ್ತಿಲು ತುಳಿಯಲಿಲ್ಲ. ಆದರೆ ಸುಗಂಧಾಳ ಮಾತನ್ನು ಅವನು ಮತ್ತೆ ಎತ್ತಲೂ ಇಲ್ಲ. ಊರಿನಲ್ಲಿ ಮಾತು ಎರಡಾಯಿತು. ಕಾಕು ಗಂಡನ ತುತ್ತು ಕಸಿದಳು ಎಂದವರುಂಟು, ಮಗಳ ಜೀವ ಉಳಿಸಿದಳು ಎಂದವರುಂಟು.

ಇದರ ನಡುವೆ ಬಲಿಯಾದವನು ರಾವಸಾಹೇಬ. ಹುಡುಗರು ಅವನಿಗೆ ‘ಕಾಗಿ ರಾವಸಾಬ’ ಎಂದು ಹೆಸರಿಟ್ಟರು. ಅಪ್ಪನ ಮೂರನೇ ದಿನ ಒಡ್ಡಿನ ಹಿಂದೆ ಕಳ್ಳನ ಹಾಗೆ ಕೂತವನು ಎನ್ನುವ ಮಾತನ್ನು ಅವನಿಂದ ನುಂಗಲಾಗಲಿಲ್ಲ. ಮುಂದೆ ಮದುವೆಯಾಗಿ ಮಕ್ಕಳಾದ ಮೇಲೆ ತೋಟವನ್ನು ಬಾಬಾಸಾಹೇಬ ಕಾಕಾನ ಸುಪರ್ದಿಗೆ ಬಿಟ್ಟು, ಹೆಂಡತಿ ಮಕ್ಕಳೊಂದಿಗೆ ಅಥಣಿಗೆ ಹೋಗಿ ಮನೂಕಾ, ಎಂದರೆ ಒಣದ್ರಾಕ್ಷಿ, ವ್ಯಾಪಾರ ಹಾಕಿದ. ಹಬ್ಬಕ್ಕೆ ಬಂದರೆ ಮುಖಕ್ಕೆ ಟವೆಲ್ ಸುತ್ತಿಕೊಂಡು ಸ್ಕೂಟರಿನಲ್ಲಿ ಬಂದು, ಉಂಡು, ಹಾಗೇ ಹೋಗುತ್ತಿದ್ದ. ಹೊಳೆಯ ಕಡೆ ಹಾಯುತ್ತಿರಲಿಲ್ಲ. ತಾಯಿಯ ಜೊತೆ ಬೇಕಾದಷ್ಟೇ ಮಾತು.

ಕಾಕು ಒಂದು ವರ್ಷ ರೊಟ್ಟಿ ಚೆಲ್ಲಲಿಲ್ಲ. ಡೋಣಿಯ ಮೇಲೆ ಕಾಗೆ ಕೂತರೂ ಒಳಗೆ ಹೋಗುತ್ತಿದ್ದಳು. ಒಂದು ದಿನ ನಾನೇ ಕೇಳಿಬಿಟ್ಟೆ: “ಕಾಕೂ, ಕಾಕಾನ ಮನಸಿನ್ಯಾಗ ಖರೇನ ಏನಿತ್ತಂತೀರಿ?”

“ನನಗ ಗೊತ್ತಿಲ್ಲ ತುಳಸಾ” ಎಂದಳು. “ಮಂದಿಗೆ ಹಂಗಲ್ಲ, ಕಾಗಿ ಹೇಳಿತು ಅಂತ ಸಮಾಧಾನ ಮಾಡಕೋತಾರ. ನನಗ ಆ ಸಮಾಧಾನ ಇಲ್ಲ. ನಾನ ಅದನ್ನ ಕೆಡಿಸಿಕೊಂಡೆ. ಅದಕ್ಕ ಅಳಾಕ ಬರತೈತಿ.” ಕಣ್ಣೊರೆಸಿಕೊಂಡು ಡೋಣಿಯ ಕಡೆ ತಿರುಗಿ, “ಅದು ರೊಟ್ಟಿ ಚಹಾದಾಗ ಎದ್ದಿದ್ದು ನೋಡಿದೇನು? ನೀರಾದ್ರೇನು, ಚಹಾ ಆದ್ರೇನು, ಹಸಿ ಇದ್ರ ಸಾಕು ಅಂತ ತಿಳಕೊಂಡೈತಿ” ಎಂದಳು. ಮರುದಿನ ಡೋಣಿಯ ಅಂಚಿನಲ್ಲಿ ರೊಟ್ಟಿ ಚೂರು ಬಿದ್ದಿದ್ದವು.

ತೊಂಬತ್ತಾರರಲ್ಲಿ ಅವಳ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಮಿರಜಿಗೆ ಒಯ್ದು ತೋರಿಸಿದರು, ಅಲ್ಲಿಯ ಡಾಕ್ಟರರು ಮನೆಗೆ ಕರೆದುಕೊಂಡು ಹೋಗಿ ಎಂದರು. ರಾವಸಾಹೇಬ ಬಂದು ತಾಯಿಯ ಬಳಿ ಕೂತ. ನಾನೂ ಸುಗಂಧಾನೂ ಅಲ್ಲೇ ಇದ್ದೆವು. ಅವಳು ಮಗನ ಮುಖವನ್ನು ಬಹಳ ಹೊತ್ತು ನೋಡಿದಳು.

“ನಾ ಹೋದ ಮ್ಯಾಲ ಮೂರನೇ ದಿನ ನೀ ಒಡ್ಡಿನ ಆಚೆ ಹೋಗಬಾರ್ದು. ನನ್ನ ಎಲಿ ಮುಂದ ನಿಂದರಬೇಕು.”

“ಕಾಗಿ ಬರೂದಿಲ್ಲವ್ವಾ” ಎಂದ ಅವನು.

“ಬರತಾವೋ ಇಲ್ಲೋ, ಅದನ್ನ ನೋಡಬೇಕಾಗೇತಿ. ಆಗಿನ ಕಾಗಿಗೋಳು ಈಗ ಎಲ್ಲಿ ಅದಾವು? ಸತ್ತಹೋಗಿರ್ತಾವ. ಸಾಯೂಕಿಂತ ಮೊದಲ ತಮ್ಮ ಮಕ್ಕಳಿಗೆ ನಿನ್ನ ಮಾರಿ ಹೇಳಿಕೊಟ್ಟಾವೋ ಇಲ್ಲೋ? ನೀ ಮಾರಿ ಸುತಗೊಂಡು ಬ್ಯಾರೆ ಊರಾಗ ಕುಂತಿ. ನನಗ ಇದೊಂದು ತಿಳೀದ ಉಳದೈತಿ.”

“ಬರಲಿಲ್ಲಂದ್ರ ಮಂದಿ ಏನಂತಾರು? ನಿನ್ನ ಆಸೆ ಉಳಕೊಂಡಿತು ಅಂತಾರ.”

“ನನ್ನ ಆಸೆ ಇದ ನೋಡಪಾ. ಬಂದ್ರೂ ತಿಳೀತು, ಬರದಿದ್ರೂ ತಿಳೀತು. ನೀ ಅಲ್ಲಿ ನಿಂತು ನೋಡಬೇಕು, ನನಗ ನೋಡಾಕ ಆಗೂದಿಲ್ಲಲ್ಲ.”

ಇಷ್ಟು ಹೇಳುವುದಕ್ಕೇ ದಣಿದಿದ್ದಳು. ರಾವಸಾಹೇಬ ತಾಯಿಯ ಕೈ ಹಿಡಿದುಕೊಂಡು ಕೂತ, ಬಹಳ ವರ್ಷಗಳ ಮೇಲೆ.

ಅವಳ ಮೂರನೇ ದಿನ ಹೊಳೆಯ ದಂಡೆಯ ಮೇಲೆ ಎಲೆ ಇಟ್ಟೆವು. ರಾವಸಾಹೇಬ ಟವೆಲ್ ಬಿಚ್ಚಿ, ಬೋಳು ತಲೆಯಲ್ಲಿ, ಬಿಸಿಲಿಗೆ ಮುಖ ಕೊಟ್ಟು ಮುಂದೆ ನಿಂತ. ಬಾಬಾಸಾಹೇಬ ಮುದುಕನಾಗಿದ್ದ, ಕೋಲೂರಿಕೊಂಡು ಬಂದಿದ್ದ. ಕಾಗೆ ಬರದಿದ್ದರೆ ಎಲೆಯನ್ನು ಆಕಳಿಗೆ ಕೊಡುವ ಪದ್ಧತಿಯೂ ನಮ್ಮಲ್ಲಿದೆ. ಅದಕ್ಕಾಗಿ ಅವನೇ ಮುಂಜಾನೆ ತನ್ನ ಕೊಟ್ಟಿಗೆಯ ಆಕಳನ್ನು ತಂದು ಅತ್ತ ಕಟ್ಟಿಸಿದ್ದ. ಯಾರೋ ರೂಢಿಯಂತೆ ಮಾತು ಕೊಡಲು ಮುಂದೆ ಬಂದಾಗ ಮುದುಕ ಕೋಲು ಅಡ್ಡ ಹಿಡಿದು, “ಇಲ್ಲಿ ಯಾರೂ ಏನೂ ಬೇಡಕೋಬ್ಯಾಡ್ರಿ” ಎಂದ. ಸುಗಂಧಾ ಅವನ ತೋಳು ಹಿಡಿದು ನಿಂತಿದ್ದಳು.

ಜಾಲಿ ಗಿಡದಲ್ಲಿ ಕಾಗೆಗಳು ಸುಮ್ಮನೆ ಕೂತಿದ್ದವು. ಕಪ್ಪಗೆ ಮಿರಿಮಿರಿ ಮಿಂಚುವ ಮೈಯ ಹೊಸ ಕಾಗೆಗಳು. ಒಂದು ಕೆಳಗಿನ ಕೊಂಬೆಗೆ ಇಳಿಯಿತು. ಕತ್ತು ಓರೆ ಮಾಡಿ ಎಲೆಯನ್ನು ನೋಡಿತು. ಆಮೇಲೆ ರಾವಸಾಹೇಬನನ್ನು ನೋಡಿತು. ಅವನು ಅಲುಗಲಿಲ್ಲ.

ಕಾಗೆ ರೆಕ್ಕೆ ಬಡಿದು ಮೇಲೆದ್ದು ಒಂದು ಕೂಗು ಹಾಕಿತು. ಗಿಡಕ್ಕೆ ಗಿಡವೇ ಎದ್ದಿತು. ಆಕಾಶ ಕಪ್ಪಾಗುವ ಹಾಗೆ ಅವನ ತಲೆಯ ಮೇಲೆ ಸುತ್ತಿ ಸುತ್ತಿ ಒದರಿದವು. ಒಂದು ಅವನ ಬೋಳು ತಲೆಗೆ ಕಾಲು ತಾಗಿಸಿ ಹೋಯಿತು. ಹೆಂಗಸರು ಸೆರಗು ಮುಚ್ಚಿಕೊಂಡರು. ರಾವಸಾಹೇಬ ಮುಖ ಮುಚ್ಚಿಕೊಳ್ಳಲಿಲ್ಲ, ಕಾಲು ಕೀಳಲೂ ಇಲ್ಲ. ಮೇಲೆ ನೋಡುತ್ತ ನಿಂತ. ಕಣ್ಣಿಂದ ನೀರು ಗಲ್ಲದ ಮೇಲೆ ಹರಿಯುತ್ತಿತ್ತು, ಬಾಯಿ ನಗುತ್ತಿತ್ತು. ತಾಯಿಯನ್ನು ಸುಟ್ಟ ಆ ಸಾರಿಸಿದ ನೆಲದ ಕಡೆಗೆ ಬಾಗಿ, ಆ ಗದ್ದಲದಲ್ಲಿ ಅವಳಿಗೆ ಕೇಳಿಸಲೆಂದು ಜೋರಾಗಿ ಹೇಳಿದ:

“ಅವ್ವಾ, ಹೇಳಿಕೊಟ್ಟಾವ ಬೇ! ಮಕ್ಕಳಿಗೆ ಹೇಳಿಕೊಟ್ಟಾವ!”